ತಮ್ಮನ ಬ್ಯೂಪ್ರೆನಾರ್ಫಿನ್ ಮಾತ್ರೆ ಇನ್ನೂ ಎಷ್ಟು ದಿನ? ಅಪ್ಪ ನಿಲ್ಲಿಸು ಅನ್ನುತ್ತಿದ್ದಾರೆ

ಪ್ರಶ್ನೆ ಕೇಳಿದವರು: ದೊಡ್ಡಕ್ಕ

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗಬಹುದು.

ನನ್ನ ತಮ್ಮನಿಗೆ 27 ವರ್ಷ. ನಾಲ್ಕು ವರ್ಷದ ಹಿಂದೆ ಬೈಕಿನಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಆಪರೇಷನ್ ಮಾಡಿ ರಾಡ್ ಹಾಕಿದರು. ನೋವಿಗೆ ಟ್ರಮಡಾಲ್ ಬರೆದುಕೊಟ್ಟರು. ಮೂಳೆ ಕೂಡಿತು, ಮಾತ್ರೆ ಬಿಡಲಿಲ್ಲ. ದಿನಕ್ಕೆ ಎರಡು ಇದ್ದದ್ದು ಹತ್ತಾಯಿತು. ಅದೂ ಸಿಗದೇ ಹೋದಾಗ ಯಾರೋ ಹೆರಾಯಿನ್ ಕೈಗೆ ಕೊಟ್ಟರು. ನಮಗೆ ಗೊತ್ತಾಗಿದ್ದು ಅವನ ಮೇಜಿನ ಡ್ರಾಯರ್‌ನಲ್ಲಿ ಫಾಯಿಲ್ ತುಂಡುಗಳು ಸಿಕ್ಕಾಗ. ಬೆಳ್ಳಿ ಹಾಳೆಯ ಮೇಲೆ ಸುಟ್ಟ ಕಪ್ಪು ಗೆರೆಗಳು. ಚಾಕಲೇಟ್ ಸುತ್ತಿದ ಹಾಳೆ ಅಂದುಕೊಂಡು ನಾನೇ ಎರಡು ಸಲ ಕಸಕ್ಕೆ ಹಾಕಿದ್ದೆ.

ಮನೆಯಲ್ಲೇ ಬಿಡಿಸೋಣ ಅಂತ ಮೂರು ಸಲ ಬಾಗಿಲು ಹಾಕಿಕೊಂಡು ಅವನ ಜೊತೆ ಕೂತೆವು. ಆ ದಿನಗಳನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ತೊಳಸುತ್ತದೆ. ಒಂದರ ಹಿಂದೆ ಒಂದು ಆಕಳಿಕೆ. ಕಣ್ಣು ಮೂಗಿನಲ್ಲಿ ನೀರು. ವಾಂತಿ, ಭೇದಿ. ರಾತ್ರಿಯಿಡೀ ಕಾಲು ಒದರುತ್ತಿದ್ದ. ಮೂರು ಸಲವೂ ವಾರ ಕಳೆದ ಮೇಲೆ ಸರಿಹೋದ ಹಾಗೆ ಕಂಡ. ಮೂರು ಸಲವೂ ತಿಂಗಳು ತುಂಬುವುದರೊಳಗೆ ಮತ್ತೆ ಶುರು ಮಾಡಿದ.

ಆಮೇಲೆ ಒಬ್ಬ ಸೈಕಿಯಾಟ್ರಿಸ್ಟ್ ಹತ್ತಿರ ಹೋದೆವು. ಬ್ಯೂಪ್ರೆನಾರ್ಫಿನ್ ಮತ್ತು ನಾಲೊಕ್ಸೋನ್ ಸೇರಿದ ಮಾತ್ರೆ ಶುರು ಮಾಡಿದರು. ಈಗ ಎಂಟು ತಿಂಗಳು. ದಿನಾ ಬೆಳಿಗ್ಗೆ 8 ಮಿಲಿಗ್ರಾಂ, ನಾಲಿಗೆ ಅಡಿ. ಅವನು ಕೆಲಸಕ್ಕೆ ಹೋಗುತ್ತಿದ್ದಾನೆ. ನಿದ್ದೆ ಮಾಡುತ್ತಾನೆ. ಮೊನ್ನೆ ನನ್ನ ಮಗಳಿಗೆ ಸೈಕಲ್ ಕಲಿಸುತ್ತಿದ್ದ. ನಾನು ಕಿಟಕಿಯಲ್ಲಿ ನಿಂತು ನೋಡಿ ಅತ್ತುಬಿಟ್ಟೆ.

ಆದರೆ ಅಪ್ಪನಿಗೆ ಸಮಾಧಾನ ಇಲ್ಲ. "ಒಂದು ಚಟ ಬಿಡಿಸಿ ಇನ್ನೊಂದು ಚಟ ಹಿಡಿಸಿದ್ದಾರೆ" ಅನ್ನುತ್ತಾರೆ. ದಿನಾ ಸ್ಟ್ರಿಪ್ ತೆಗೆದು ಮಾತ್ರೆ ಎಣಿಸುತ್ತಾರೆ. ವರ್ಷ ತುಂಬುವುದರೊಳಗೆ ಪೂರ್ತಿ ನಿಲ್ಲಬೇಕಂತೆ. ಚಿಕ್ಕಪ್ಪ ಎಲ್ಲೋ ಓದಿಕೊಂಡು ಬಂದು, ನಾಲ್ಟ್ರೆಕ್ಸೋನ್ ಅಂತ ತಿಂಗಳಿಗೊಂದು ಇಂಜೆಕ್ಷನ್ ಇದೆ, ಅದು ಚಟ ಆಗಲ್ಲ, ಅದನ್ನೇ ಹಾಕಿಸಿ ಅನ್ನುತ್ತಾರೆ. ತಮ್ಮ ತುಟಿ ಬಿಚ್ಚುವುದಿಲ್ಲ. ಆದರೆ ಎರಡು ದಿನದಿಂದ ಅರ್ಧ ಮಾತ್ರೆ ಮಾತ್ರ ತೆಗೆದುಕೊಳ್ಳುತ್ತಿದ್ದಾನೆ. ಅಪ್ಪನಿಗೋಸ್ಕರ. ಅದು ನನಗೆ ಹೆದರಿಕೆ.

ಇದನ್ನು ಯಾವಾಗ ನಿಲ್ಲಿಸಬೇಕು? ಇನ್ನೊಂದು, ಈ ಮಾತ್ರೆಯೊಳಗೆ ನಾಲೊಕ್ಸೋನ್ ಯಾಕೆ ಸೇರಿಸಿದ್ದಾರೆ? ಓವರ್‌ಡೋಸ್ ಆದಾಗ ಕೊಡುವ ಔಷಧ ಅದೇ ಅಲ್ವಾ?


ಉತ್ತರ: ಲೇತ್ ಮಷೀನ್

ದೊಡ್ಡಕ್ಕ ಅವರೇ, ನಾನು ಡಾಕ್ಟರ್ ಅಲ್ಲ. ನಿಮ್ಮ ತಮ್ಮನ ಜಾಗದಲ್ಲಿ ಇದ್ದವನು, ಈಗಲೂ ಇರುವವನು. ವಯಸ್ಸು 41. ದಿನಾ ಬೆಳಿಗ್ಗೆ 12 ಮಿಲಿಗ್ರಾಂ ಬ್ಯೂಪ್ರೆನಾರ್ಫಿನ್ ತೆಗೆದುಕೊಳ್ಳುತ್ತೇನೆ. ಎರಡನೇ ಸರದಿಯಲ್ಲಿ ಇದು ಏಳನೇ ವರ್ಷ. ಮೊದಲನೇ ಸರದಿ ಹೇಗೆ ಮುಗಿಯಿತು ಅಂತ ಹೇಳುತ್ತೇನೆ. ನಿಮ್ಮ ಅಪ್ಪನ ಪಕ್ಕ ಕೂತು ಓದಿ ಹೇಳಿ.

ಮೊದಲನೇ ಸಲ 14 ತಿಂಗಳು ಮಾತ್ರೆ ತೆಗೆದುಕೊಂಡೆ. ಚೆನ್ನಾಗಿದ್ದೆ. ಚೆನ್ನಾಗಿದ್ದೇನೆ ಅನ್ನುವುದೇ ನಿಲ್ಲಿಸಲು ಕಾರಣವಾಯಿತು. ಅಣ್ಣ ಹೇಳಿದ, ಅತ್ತೆ ಮನೆಯವರು ಹೇಳಿದರು, ನನಗೂ ಒಳಗೊಳಗೆ ನಾಚಿಕೆ ಇತ್ತು. ಆಗ ಹೋಗುತ್ತಿದ್ದ ಕ್ಲಿನಿಕ್‌ನವರು ಬೇಡ ಅನ್ನಲಿಲ್ಲ. ಮೂರು ವಾರದಲ್ಲಿ 8ರಿಂದ ಸೊನ್ನೆಗೆ ಇಳಿಸಿದರು. ಮುಂದೆ ಏನಾಗಬಹುದು ಅಂತ ಒಂದು ಮಾತು ಹೇಳಿ ಕಳಿಸಲಿಲ್ಲ. ಮನೆಗೆ ಬಂದು ಸ್ಟ್ರಿಪ್‌ಗಳನ್ನು ಸುಟ್ಟು ಹಾಕಿದೆ. ಎಲ್ಲರೂ ಬೆನ್ನು ತಟ್ಟಿದರು.

ಏಳು ವಾರ ಆಯಿತು. ಆ ಏಳು ವಾರದಲ್ಲಿ ಒಂದು ರಾತ್ರಿಯೂ ನಾಲ್ಕು ಗಂಟೆಗಿಂತ ಜಾಸ್ತಿ ನಿದ್ದೆ ಬರಲಿಲ್ಲ. ಒಂದು ಸಂಜೆ ಹಳೇ ಪರಿಚಯದವನು ಸಿಕ್ಕ. ಒಂದೇ ಸಲ ಅಂದುಕೊಂಡೆ. ಹಿಂದೆ ಎಷ್ಟು ತೆಗೆದುಕೊಳ್ಳುತ್ತಿದ್ದೆನೋ ಅಷ್ಟನ್ನೇ ತೆಗೆದುಕೊಂಡೆ. ನನ್ನ ತಲೆಗೆ ಆ ಅಳತೆ ನೆನಪಿತ್ತು. ಮೈಗೆ ಮರೆತುಹೋಗಿತ್ತು.

ಮುಂದಿನದು ನನ್ನ ಹೆಂಡತಿ ಹೇಳಿದ್ದು. ಬಚ್ಚಲುಮನೆಯಿಂದ ಗೊರಕೆ ತರಹ ಸದ್ದು ಬಂತಂತೆ. ಸುಸ್ತಾಗಿ ಮಲಗಿದ್ದಾನೆ ಅಂದುಕೊಂಡಳು. ಆದರೆ ಗೊರಕೆಗೂ ಗೊರಕೆಗೂ ನಡುವೆ ತುಂಬಾ ಹೊತ್ತು ಆಗುತ್ತಿತ್ತು. ಬಾಗಿಲು ದೂಡಿ ನೋಡಿದರೆ ತುಟಿ ನೀಲಿ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಎಷ್ಟು ಅಲುಗಾಡಿಸಿದರೂ ಎಚ್ಚರ ಇಲ್ಲ. ಅವಳ ಬ್ಯಾಗಿನಲ್ಲಿ ನಾಲೊಕ್ಸೋನ್ ಮೂಗಿನ ಸ್ಪ್ರೇ ಇತ್ತು. ಶುರುವಿನಲ್ಲಿ ನನ್ನನ್ನು ನೋಡಿದ ಡಾಕ್ಟರಮ್ಮ ಕೊಟ್ಟಿದ್ದು. ನಾನು ಮಾತ್ರೆ ಬಿಟ್ಟ ಮೇಲೂ ಅವಳು ಅದನ್ನು ಬಿಸಾಡಿರಲಿಲ್ಲ. ಆಂಬುಲೆನ್ಸ್‌ಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿ, ಒಂದು ಹೊಳ್ಳೆಗೆ ಹೊಡೆದಳು. ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟಳು. ಮೂರು ನಿಮಿಷ ಆದರೂ ಏನೂ ಆಗದಿದ್ದಾಗ ಎರಡನೆಯದನ್ನು ಇನ್ನೊಂದು ಹೊಳ್ಳೆಗೆ ಹೊಡೆದಳು. ಆಗ ಉಸಿರು ಎಳೆದುಕೊಂಡೆನಂತೆ. ಎದ್ದವನು ನಡುಗುತ್ತಾ ಅವಳಿಗೇ ಬೈದೆ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಅವಳ ಮುಖ ನೋಡಲು ಆಗುವುದಿಲ್ಲ.

ಇನ್ನು ನಿಮ್ಮ ಅಪ್ಪ ಕೇಳುವ ಪ್ರಶ್ನೆ. ಇದೂ ಚಟವೇ ಅಲ್ವಾ? ನಾನು ಲೇತ್ ಮೇಲೆ ಕೆಲಸ ಮಾಡುವವನು. ಕೈ ನಡುಗಿದರೆ, ಕಣ್ಣು ಎಳೆದರೆ ಬೆರಳು ಹೋಗುತ್ತದೆ. ಏಳು ವರ್ಷದಿಂದ ದಿನಾ ಈ ಮಾತ್ರೆ ತೆಗೆದುಕೊಂಡೇ ಆ ಮಷೀನ್ ಮುಂದೆ ನಿಂತಿದ್ದೇನೆ. ಹತ್ತು ಬೆರಳೂ ಇವೆ. ಹೆರಾಯಿನ್ ಕಾಲದಲ್ಲಿ ನನ್ನ ದಿನ ಅಂದರೆ ದುಡ್ಡು ಹೊಂದಿಸುವುದು, ಮಾಲು ಹುಡುಕುವುದು, ಎಳೆಯುವುದು, ನಾಲ್ಕೈದು ಗಂಟೆ ಬಿಟ್ಟು ಮತ್ತೆ ಮೊದಲಿಂದ. ಈಗ ಬೆಳಿಗ್ಗೆ ಹತ್ತು ನಿಮಿಷ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಮಾತ್ರೆ ಕರಗುತ್ತದೆ. ದಿನ ನನ್ನದು. ಹೌದು, ಮೈಗೆ ಇದು ಅಭ್ಯಾಸ ಆಗಿದೆ. ಸಡನ್ನಾಗಿ ಬಿಟ್ಟರೆ ವಿತ್‌ಡ್ರಾವಲ್, ಅಂದರೆ ನಿಮ್ಮ ತಮ್ಮ ಮನೆಯಲ್ಲಿ ಪಟ್ಟಂಥ ಒದ್ದಾಟ, ಬರುತ್ತದೆ. ಮೈಗೆ ಅಭ್ಯಾಸ ಆಗುವುದು ಬೇರೆ, ಬದುಕನ್ನು ಹಿಡಿದು ಎಳೆದಾಡುವುದು ಬೇರೆ.

ನನ್ನ ಈಗಿನ ಡಾಕ್ಟರ್ ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಮೆದುಳಿನಲ್ಲಿ ಓಪಿಯಾಯ್ಡ್, ಅಂದರೆ ಹೆರಾಯಿನ್, ಟ್ರಮಡಾಲ್ ತರಹದ್ದು, ಬಂದು ಕೂರುವ ಜಾಗಗಳಿವೆ. ಹೆರಾಯಿನ್ ಅಲ್ಲಿ ಕೂತು ಅಬ್ಬರ ಮಾಡಿ ಕೆಲವೇ ಗಂಟೆಯಲ್ಲಿ ಎದ್ದು ಹೋಗುತ್ತದೆ. ಜಾಗ ಖಾಲಿಯಾದ ಕೂಡಲೇ ಮೈ ಒದ್ದಾಡುತ್ತದೆ. ಬ್ಯೂಪ್ರೆನಾರ್ಫಿನ್ ಅಲ್ಲೇ ಬಂದು ಗಟ್ಟಿಯಾಗಿ ಕೂರುತ್ತದೆ. ಒಂದು ದಿನಕ್ಕೂ ಜಾಸ್ತಿ ಏಳುವುದಿಲ್ಲ. ಆದರೆ ಅಬ್ಬರ ಮಾಡುವುದಿಲ್ಲ. ಅದರ ಕೆಲಸ ಒಂದು ಮಟ್ಟದವರೆಗೆ ಮಾತ್ರ. ಡೋಸ್ ಏರಿಸಿದರೂ ಅದಕ್ಕಿಂತ ಮೇಲೆ ಅಮಲು ಏರುವುದಿಲ್ಲ, ಉಸಿರನ್ನು ಅದುಮುವುದೂ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಅದರಿಂದ ಓವರ್‌ಡೋಸ್ ಆಗುವುದಿಲ್ಲ. ಅದು ಕೂತಿರುವಾಗ ಮೇಲಿಂದ ಹೆರಾಯಿನ್ ತೆಗೆದುಕೊಂಡರೂ ಅದಕ್ಕೆ ಕೂರಲು ಜಾಗ ಸಿಗುವುದು ಕಷ್ಟ.

ಸ್ವೀಡನ್‌ನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಬಗ್ಗೆ ಅದೇ ಡಾಕ್ಟರ್ ಹೇಳಿದರು. ಹೆರಾಯಿನ್ ಚಟ ಇದ್ದ 40 ಜನ. 20 ಜನರಿಗೆ ವರ್ಷವಿಡೀ ಬ್ಯೂಪ್ರೆನಾರ್ಫಿನ್. ಇನ್ನು 20 ಜನರಿಗೆ ಆರು ದಿನದಲ್ಲಿ ಇಳಿಸಿ, ಆಮೇಲೆ ಔಷಧ ಇಲ್ಲದ ಖಾಲಿ ಮಾತ್ರೆ. ಕೌನ್ಸೆಲಿಂಗ್ ಎರಡು ಗುಂಪಿಗೂ ಇತ್ತು. ವರ್ಷದ ಕೊನೆಗೆ ಮೊದಲ ಗುಂಪಿನಲ್ಲಿ 15 ಜನ ಚಿಕಿತ್ಸೆಯಲ್ಲಿ ಉಳಿದಿದ್ದರು. ಎರಡನೇ ಗುಂಪಿನಲ್ಲಿ ಒಬ್ಬರೂ ಇಲ್ಲ. ಅವರಲ್ಲಿ ನಾಲ್ಕು ಜನ ತೀರಿಕೊಂಡಿದ್ದರು. ಇದನ್ನು ಕೇಳಿದ ದಿನ ನಾನು ಮನೆಗೆ ಹೋಗಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಆ ನಾಲ್ಕು ಜನರಿಗೂ ಮನೆಯಲ್ಲಿ ಒಬ್ಬ ಅಕ್ಕ ಇದ್ದಿರಬಹುದು.

ನನ್ನ ಡಾಕ್ಟರ್ ತಾರೀಖು ಕೊಡುವುದಿಲ್ಲ. ಬಿಡಬೇಕು ಅಂತ ನಿನಗೇ ಅನ್ನಿಸಿದಾಗ, ಬದುಕು ಗಟ್ಟಿಯಾದ ಮೇಲೆ, ತಿಂಗಳುಗಟ್ಟಲೆ ನಿಧಾನವಾಗಿ ಇಳಿಸೋಣ, ಮಧ್ಯದಲ್ಲಿ ಕಷ್ಟ ಆದರೆ ಮತ್ತೆ ಏರಿಸೋಣ ಅನ್ನುತ್ತಾರೆ. ನನಗೆ ಇನ್ನೂ ಅನ್ನಿಸಿಲ್ಲ. ನಿಮ್ಮ ತಮ್ಮ ಅಪ್ಪನಿಗೋಸ್ಕರ ಅರ್ಧ ಮಾಡಿಕೊಂಡಿದ್ದಾನಲ್ಲ, ಅದನ್ನು ಇವತ್ತೇ ಅವನ ಡಾಕ್ಟರ್‌ಗೆ ಫೋನ್ ಮಾಡಿ ಹೇಳಿ. ಸಂಜೆವರೆಗೆ ಕಾಯಬೇಡಿ.


ಉತ್ತರ: ನೈಟ್ ಡ್ಯೂಟಿ

ಎಮರ್ಜೆನ್ಸಿ ವಾರ್ಡಿನಲ್ಲಿ ನರ್ಸ್ ಆಗಿ ಹನ್ನೊಂದು ವರ್ಷ. ಲೇತ್ ಅಣ್ಣ ಬರೆದಿದ್ದು ಓದಿ ನಮ್ಮ ವಾರ್ಡಿಗೆ ಬಂದ ಎಷ್ಟೋ ಮುಖಗಳು ನೆನಪಾದವು. ಒಂದು ಮಾತು ಮಾತ್ರ ತಿದ್ದಬೇಕು. ಬ್ಯೂಪ್ರೆನಾರ್ಫಿನ್‌ನಿಂದ ಓವರ್‌ಡೋಸ್ ಆಗುವುದೇ ಇಲ್ಲ ಅಂತಲ್ಲ. ಅದೊಂದನ್ನೇ ತೆಗೆದುಕೊಳ್ಳುವ ಅಭ್ಯಾಸಸ್ಥರಲ್ಲಿ ಅಪರೂಪ. ಹೆಂಡದ ಜೊತೆ, ನಿದ್ದೆ ಮಾತ್ರೆಗಳ ಜೊತೆ, ಅದರಲ್ಲೂ ಅಲ್‌ಪ್ರಜೋಲಂ, ಡೈಯಾಜೆಪಾಂ ತರಹದ್ದರ ಜೊತೆ ಸೇರಿದರೆ ಉಸಿರು ನಿಲ್ಲಬಹುದು. ಚಿಕ್ಕ ಮಕ್ಕಳಿಗೆ ಒಂದೇ ಮಾತ್ರೆ ಸಾಕು, ಜೀವ ಹೋಗಬಹುದು. ದೊಡ್ಡಕ್ಕ, ನಿಮ್ಮ ಮನೆಯಲ್ಲಿ ಸೈಕಲ್ ಕಲಿಯುವ ಮಗು ಇದೆ. ಮಾತ್ರೆ ಬೀಗ ಹಾಕುವ ಕಡೆ ಇಡಿ.

ಮಾತ್ರೆಯಲ್ಲಿ ನಾಲೊಕ್ಸೋನ್ ಯಾಕೆ ಅಂತ ಕೇಳಿದ್ದೀರಿ. ಹೌದು, ಓವರ್‌ಡೋಸ್‌ಗೆ ಕೊಡುವುದು ಅದನ್ನೇ. ಅದು ಬಂದರೆ ಕೂತಿರುವ ಓಪಿಯಾಯ್ಡ್ ಎದ್ದು ಜಾಗ ಬಿಡಬೇಕು. ಆದರೆ ನಾಲಿಗೆ ಅಡಿ ಇಟ್ಟಾಗ ನಾಲೊಕ್ಸೋನ್ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಬ್ಯೂಪ್ರೆನಾರ್ಫಿನ್ ಮಾತ್ರ ಸೇರುತ್ತದೆ. ಯಾರಾದರೂ ಮಾತ್ರೆ ಪುಡಿ ಮಾಡಿ ಸಿರಿಂಜಿನಲ್ಲಿ ಚುಚ್ಚಿಕೊಂಡರೆ ಆಗ ನಾಲೊಕ್ಸೋನ್ ಕೆಲಸ ಮಾಡಿ ವಿತ್‌ಡ್ರಾವಲ್ ತರುತ್ತದೆ. ಕಾವಲಿಗೆ ಇಟ್ಟ ಹಾಗೆ. ನಾಲ್ಕು ಪಾಲು ಬ್ಯೂಪ್ರೆನಾರ್ಫಿನ್‌ಗೆ ಒಂದು ಪಾಲು ನಾಲೊಕ್ಸೋನ್. ನಿಮ್ಮ ತಮ್ಮನ ಸ್ಟ್ರಿಪ್ ಮೇಲೆ 8 ಮತ್ತು 2 ಅಂತ ಇರಬೇಕು, ನೋಡಿ.

ಚಿಕ್ಕಪ್ಪ ಹೇಳಿದ ನಾಲ್ಟ್ರೆಕ್ಸೋನ್ ಸುಳ್ಳಲ್ಲ. ಒಳ್ಳೆಯ ಔಷಧವೇ. 380 ಮಿಲಿಗ್ರಾಂ, ನಾಲ್ಕು ವಾರಕ್ಕೊಂದು ಇಂಜೆಕ್ಷನ್. ಅದು ಅಮಲನ್ನು ಪೂರ್ತಿ ತಡೆಯುತ್ತದೆ, ಮೈಗೆ ಅಭ್ಯಾಸ ಆಗುವುದಿಲ್ಲ. ತೊಂದರೆ ಇರುವುದು ಶುರು ಮಾಡುವುದರಲ್ಲಿ. ಮೈಯಲ್ಲಿ ಓಪಿಯಾಯ್ಡ್ ಒಂಚೂರೂ ಇರಬಾರದು. ಹೆರಾಯಿನ್ ನಿಲ್ಲಿಸಿ ಏಳರಿಂದ ಹತ್ತು ದಿನ ಕಾಯಬೇಕು. ಬ್ಯೂಪ್ರೆನಾರ್ಫಿನ್ ಅಥವಾ ಮೆಥಡೋನ್ (ಇದೇ ಚಟದ ಚಿಕಿತ್ಸೆಗೆ ಕೊಡುವ ಇನ್ನೊಂದು ಓಪಿಯಾಯ್ಡ್) ಮೇಲಿದ್ದವರು ಎರಡು ವಾರದವರೆಗೂ ಕಾಯಬೇಕಾಗಬಹುದು. ಕಾಯದೆ ಹಾಕಿದರೆ ಕಂಡು ಕೇಳರಿಯದ ವಿತ್‌ಡ್ರಾವಲ್ ಬರುತ್ತದೆ. ಆ ಕಾಯುವ ದಿನಗಳಲ್ಲೇ ಎಷ್ಟೋ ಜನ ಜಾರಿ ಬೀಳುತ್ತಾರೆ. 2018ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ನಾಲ್ಟ್ರೆಕ್ಸೋನ್ ಗುಂಪಿನ 283 ಜನರಲ್ಲಿ 204 ಜನರಿಗೆ ಮಾತ್ರ ಅದನ್ನು ಶುರು ಮಾಡಲು ಆಯಿತು. ಬ್ಯೂಪ್ರೆನಾರ್ಫಿನ್ ಗುಂಪಿನಲ್ಲಿ 287ಕ್ಕೆ 270. ಶುರು ಆದವರ ಮಟ್ಟಿಗೆ ಎರಡೂ ಹೆಚ್ಚುಕಡಿಮೆ ಒಂದೇ ತರಹ ಕೆಲಸ ಮಾಡಿದವು. ಹಾಗಾಗಿ ಹಳೆಯದರಲ್ಲಿ ಚೆನ್ನಾಗಿ ನಡೆಯುತ್ತಿರುವ ಹುಡುಗನನ್ನು ಎಬ್ಬಿಸಿ ಎರಡು ವಾರ ಖಾಲಿ ಕೂರಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಇಂಜೆಕ್ಷನ್ ತಪ್ಪಿಸಿಕೊಂಡವರ ಮೈಯಲ್ಲಿ ಹಳೇ ಅಳತೆಯ ಹೆರಾಯಿನ್ ತಡೆದುಕೊಳ್ಳುವ ಶಕ್ತಿಯೂ ಉಳಿದಿರುವುದಿಲ್ಲ. ಅಂಥವರನ್ನು ವಾರ್ಡಿನಲ್ಲಿ ನೋಡಿದ್ದೇನೆ.

ಲೇತ್ ಅಣ್ಣನ ಹೆಂಡತಿ ಮಾಡಿದ್ದು ಪೂರ್ತಿ ಸರಿ. ಅದಕ್ಕೆ ಒಂದು ಸೇರಿಸುತ್ತೇನೆ. ನಾಲೊಕ್ಸೋನ್ ಎರಡು ಮೂರು ನಿಮಿಷದಲ್ಲಿ ಕೆಲಸ ಮಾಡುತ್ತದೆ, ಆದರೆ ಇರುವುದು 30ರಿಂದ 90 ನಿಮಿಷ. ಒಳಗಿರುವ ಹೆರಾಯಿನ್ ಅಥವಾ ಮೆಥಡೋನ್ ಅದಕ್ಕಿಂತ ಜಾಸ್ತಿ ಹೊತ್ತು ಇರಬಹುದು. ಎದ್ದು ಕೂತು, ನನಗೇನೂ ಆಗಿಲ್ಲ ಮನೆಗೆ ಹೋಗುತ್ತೇನೆ ಅನ್ನುತ್ತಾರೆ. ಬಿಡಬಾರದು. ಒಂದು ಗಂಟೆ ಬಿಟ್ಟು ಮತ್ತೆ ಮಂಕಾಗಿ ಉಸಿರು ನಿಧಾನ ಆದವರನ್ನು ನಾನೇ ಹಿಡಿದು ಎಬ್ಬಿಸಿದ್ದೇನೆ. ಉಸಿರು ಬಂದ ಮೇಲೂ ಎಚ್ಚರ ಪೂರ್ತಿ ಇಲ್ಲದಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಆಂಬುಲೆನ್ಸ್ ಬರುವವರೆಗೆ ಪಕ್ಕದಲ್ಲೇ ಇರಿ. ಓವರ್‌ಡೋಸ್ ಹೌದೋ ಅಲ್ಲವೋ ಅನ್ನುವ ಅನುಮಾನ ಇದ್ದರೂ ಕೊಡಿ. ಮೈಯಲ್ಲಿ ಓಪಿಯಾಯ್ಡ್ ಇಲ್ಲದವರಿಗೆ ಅದರಿಂದ ಕೆಡುಕಿಲ್ಲ.


ಉತ್ತರ: ನಿವೃತ್ತ ಮೇಷ್ಟ್ರು

ದೊಡ್ಡಕ್ಕ, ನಿನ್ನನ್ನು ಮಗಳೇ ಅಂತ ಕರೆಯುವ ವಯಸ್ಸು ನನ್ನದು. ನಿನ್ನ ಅಪ್ಪ ಆಡುತ್ತಿರುವ ಮಾತೆಲ್ಲ ನಾನೂ ಆಡಿದ್ದೇನೆ.

ನನ್ನ ಮಗಳದ್ದು ಮೆಥಡೋನ್. ಸಿರಪ್. ಶುರುವಿನಲ್ಲಿ ದಿನಾ ಹೋಗಿ ನರ್ಸ್ ಎದುರಿಗೇ ಕುಡಿಯಬೇಕಿತ್ತು. ಮೆಥಡೋನ್ ಮೈಯಲ್ಲಿ ತುಂಬಾ ಹೊತ್ತು ಉಳಿಯುತ್ತದೆ, ದಿನದಿಂದ ದಿನಕ್ಕೆ ಸೇರುತ್ತಾ ಹೋಗುತ್ತದೆ, ಅದಕ್ಕೇ ಬಹಳ ನಿಧಾನವಾಗಿ ಏರಿಸಿದರು. ಹೃದಯದ ಬಡಿತ ನೋಡಲು ಇಸಿಜಿ ತೆಗೆಸಿದರು. ಕೆಲವು ತಿಂಗಳಾದ ಮೇಲೆ ನಂಬಿಕೆ ಬಂದು ಮನೆಗೂ ಬಾಟಲಿ ಕೊಡತೊಡಗಿದರು. ಒಂದು ದಿನ ಅದನ್ನು ನಾನು ಬಚ್ಚಿಟ್ಟೆ. ನೋಡೋಣ, ಇದಿಲ್ಲದೆ ಇರುತ್ತಾಳೋ ಇಲ್ಲವೋ ಅಂತ. ಎರಡನೇ ದಿನ ಸಂಜೆ ಹೊದ್ದುಕೊಂಡು ನಡುಗುತ್ತಾ ನನ್ನ ಕೋಣೆಗೆ ಬಂದಳು. ಬೈಯಲಿಲ್ಲ. "ಅಪ್ಪಾ, ನಾನು ಹೊರಗೆ ಹೋಗಿ ಬೇರೆ ಏನಾದರೂ ಹುಡುಕುವ ಮೊದಲು ಅದನ್ನು ಕೊಟ್ಟುಬಿಡಿ" ಅಂದಳು. ಕೊಟ್ಟೆ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ನನ್ನ ಮಗಳ ಮೇಲೆ ಅಂಥ ಪರೀಕ್ಷೆ ಮಾಡಿದೆ.

ಬಸುರಿಯಾದಾಗ ಮತ್ತೆ ಹೆದರಿ, ಈಗಲಾದರೂ ನಿಲ್ಲಿಸಿ ಅಂದೆ. ಡಾಕ್ಟರ್ ಖಡಾಖಂಡಿತವಾಗಿ ಬೇಡ ಅಂದರು. ಆಗ ನಿಲ್ಲಿಸಿ ಅವಳು ಮತ್ತೆ ಹೆರಾಯಿನ್‌ಗೆ ಹೋದರೆ ಅಪಾಯ ಇನ್ನೂ ಜಾಸ್ತಿ ಅಂದರು. ಮಗು ಹುಟ್ಟಿದ ಮೇಲೆ ಅದಕ್ಕೂ ಸ್ವಲ್ಪ ವಿತ್‌ಡ್ರಾವಲ್ ಬಂತು. ಹೀಗಾಗುತ್ತದೆ ಅಂತ ಮೊದಲೇ ಹೇಳಿದ್ದರು. ಕೆಲವು ದಿನ ಆಸ್ಪತ್ರೆಯಲ್ಲಿಟ್ಟು ನೋಡಿಕೊಂಡರು, ವಾಸಿಯಾಯಿತು. ಮೊಮ್ಮಗನಿಗೆ ಈಗ ನಾಲ್ಕು ವರ್ಷ. ಅವನ ಅಮ್ಮ ಅವನ ಜೊತೆಗಿದ್ದಾಳೆ.

ಲೆಕ್ಕ ಬೇಕು ಅನ್ನುವ ಅಪ್ಪಂದಿರಿಗೆ ಇದನ್ನು ಬರೆಯುತ್ತೇನೆ. ನನಗೂ ಲೆಕ್ಕವೇ ಬೇಕಿತ್ತು. ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದ ಒಂದು ವರದಿ 2017ರಲ್ಲಿ ಬಂತು. ಸಾವಿರ ಜನರನ್ನು ಒಂದು ವರ್ಷ ನೋಡಿದರೆ ಮೆಥಡೋನ್ ತೆಗೆದುಕೊಳ್ಳುತ್ತಿರುವವರಲ್ಲಿ ಸುಮಾರು 11 ಸಾವು. ಬಿಟ್ಟವರಲ್ಲಿ 36. ಬ್ಯೂಪ್ರೆನಾರ್ಫಿನ್‌ನಲ್ಲಿ 4, ಬಿಟ್ಟವರಲ್ಲಿ 9ಕ್ಕೂ ಜಾಸ್ತಿ. ಬಿಟ್ಟ ಮೊದಲ ನಾಲ್ಕು ವಾರ ತುಂಬಾ ಅಪಾಯದ್ದು. ನಿನ್ನ ಅಪ್ಪ ಸ್ಟ್ರಿಪ್ ಎಣಿಸುತ್ತಾರೆ ಅಂದೆಯಲ್ಲ ಮಗಳೇ, ಎಣಿಸಲಿ. ಒಂದೂ ತಪ್ಪಿಲ್ಲ ತಾನೇ ಅಂತ ನೋಡಲು ಎಣಿಸಲಿ.


ಮತ್ತೆ ದೊಡ್ಡಕ್ಕ

ನಿಮಗೆಲ್ಲ ಹೇಗೆ ಹೇಳಲಿ ಗೊತ್ತಾಗುತ್ತಿಲ್ಲ. ಮೊನ್ನೆಯೇ ಡಾಕ್ಟರ್‌ಗೆ ಫೋನ್ ಮಾಡಿದೆ. ಅರ್ಧ ಮಾತ್ರೆ ಬೇಡ, ನಾಳೆಯಿಂದಲೇ 8ಕ್ಕೆ ವಾಪಸ್ ಬಾ ಅಂದರು. ತಮ್ಮ ಫೋನ್ ಇಟ್ಟ ಮೇಲೆ ಮೊದಲ ಸಲ ಬಾಯಿಬಿಟ್ಟ. ಅರ್ಧ ಮಾಡಿದ ಎರಡನೇ ರಾತ್ರಿಯಿಂದಲೇ ಕಾಲು ಒದರಲು ಶುರುವಾಗಿತ್ತಂತೆ. ಯಾರಿಗೂ ಹೇಳಿರಲಿಲ್ಲ.

ಅಪ್ಪನಿಗೆ ಮೂರೂ ಉತ್ತರ ಓದಿ ಹೇಳಿದೆ. ಮೇಷ್ಟ್ರು ಬಾಟಲಿ ಬಚ್ಚಿಟ್ಟದ್ದನ್ನು ಓದುವಾಗ ಎದ್ದು ಹೊರಗೆ ಹೋದರು. ಒಪ್ಪಿದರು ಅಂತ ಹೇಳಲಾರೆ. ವರ್ಷ ತುಂಬುವುದರೊಳಗೆ ಅನ್ನುವ ಮಾತು ಎರಡು ದಿನದಿಂದ ಬಂದಿಲ್ಲ.

ನಾಲೊಕ್ಸೋನ್ ಸ್ಪ್ರೇ ಬೇಕು ಅಂತ ಡಾಕ್ಟರ್‌ನ ಕೇಳಿದ್ದೇನೆ. ಅದನ್ನು ಫ್ರಿಜ್‌ನಲ್ಲಿ ಇಡಬೇಕಾ? ಇನ್ನೊಂದು, ಮಾತ್ರೆ ಶುರುವಾದ ಮೇಲೆ ತಮ್ಮನ ಹಲ್ಲು ಜುಮ್ಮೆನ್ನುತ್ತಿದೆಯಂತೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?


ಉತ್ತರ: ನೈಟ್ ಡ್ಯೂಟಿ

ಹಲ್ಲಿಗೂ ಸಂಬಂಧ ಇದೆ. ಬಾಯಲ್ಲಿ ಕರಗುವ ಬ್ಯೂಪ್ರೆನಾರ್ಫಿನ್‌ನಿಂದ ಹಲ್ಲು ಹಾಳಾಗಬಹುದು ಅಂತ ಅಮೆರಿಕದ ಔಷಧ ಇಲಾಖೆ 2022ರಲ್ಲಿ ಎಚ್ಚರಿಕೆ ಕೊಟ್ಟಿತು. ಅದಕ್ಕೋಸ್ಕರ ಮಾತ್ರೆ ಬಿಡಬೇಡಿ ಅಂತಲೂ ಹೇಳಿತು. ಮಾತ್ರೆ ಪೂರ್ತಿ ಕರಗಿದ ಮೇಲೆ ಒಂದು ದೊಡ್ಡ ಗುಟುಕು ನೀರು ಬಾಯಿಗೆ ಹಾಕಿಕೊಂಡು ಮೆಲ್ಲಗೆ ಎಲ್ಲ ಕಡೆ ಆಡಿಸಿ ನುಂಗಲಿ. ಹಲ್ಲುಜ್ಜುವುದು ಒಂದು ಗಂಟೆ ಬಿಟ್ಟು. ಹಲ್ಲಿನ ಡಾಕ್ಟರ್‌ಗೆ ಈ ಮಾತ್ರೆ ತೆಗೆದುಕೊಳ್ಳುತ್ತೇನೆ ಅಂತ ಮುಚ್ಚುಮರೆ ಇಲ್ಲದೆ ಹೇಳಲಿ.

ಸ್ಪ್ರೇ ಫ್ರಿಜ್‌ನಲ್ಲಿ ಬೇಡ. ಸಾಮಾನ್ಯ ಕೋಣೆಯಲ್ಲಿ, ಬಿಸಿಲು ಬೀಳದ ಕಡೆ ಇಡಿ. ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ಡಬ್ಬಿ ಮೇಲಿನ ತಾರೀಖು ನೋಡಿಟ್ಟುಕೊಳ್ಳಿ. ಮಾತ್ರೆಗೆ ಬೀಗ ಹಾಕಿ ಅಂದೆ, ಇದಕ್ಕೆ ಬೀಗ ಹಾಕಬೇಡಿ. ಕತ್ತಲಲ್ಲೂ ಕೈಗೆ ಸಿಗಬೇಕು. ಒಂದರಲ್ಲಿ ಒಂದೇ ಡೋಸ್ ಇರುತ್ತದೆ, ಹಾಗಾಗಿ ಕೆಲಸ ಮಾಡುತ್ತದೋ ನೋಡೋಣ ಅಂತ ಮೊದಲೇ ಒತ್ತಬೇಡಿ. ಎಲ್ಲಿಟ್ಟಿದ್ದೀರಿ ಅಂತ ತಮ್ಮನಿಗೂ ತೋರಿಸಿ. ಅಪ್ಪನಿಗೂ ತೋರಿಸಿ. ನೀವು ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ ಬೇಕಾದರೆ ಅದನ್ನು ಹೊಡೆಯಬೇಕಾದವರು ಅವರೇ.